ಹರ್ಬಿಯ ಹೊರೆ

ಕಾರ್ಖಾನೆಯ ಲೆಕ್ಕಪತ್ರವನ್ನು ಕಾದಂಬರಿಯಾಗಿ ಬರೆಯಬಹುದೆ? ಬರೆದರೆ ಅದನ್ನು ಕಾದಂಬರಿಯೆಂದು ಕರೆಯಬಹುದೆ? ಎಲಿಯಾಹು ಗೋಲ್ಡ್‌ರಾಟ್ ಎಂಬ ಇಸ್ರೇಲಿನ ಭೌತವಿಜ್ಞಾನಿ, ಜೆಫ್ ಕಾಕ್ಸ್ ಎಂಬ ಲೇಖಕನ ಜೊತೆಗೂಡಿ ೧೯೮೪ರಲ್ಲಿ ಪ್ರಕಟಿಸಿದ ‘ದಿ ಗೋಲ್’ ಎಂಬ ಇಂಗ್ಲಿಷ್ ಗ್ರಂಥವನ್ನು ಓದಿದಾಗ ಈ ಎರಡು ಪ್ರಶ್ನೆಗಳೂ ಏಳುತ್ತವೆ. ವ್ಯವಹಾರಶಾಸ್ತ್ರವನ್ನು ಕಲಿಸುವ ಎಷ್ಟೋ ಕಾಲೇಜುಗಳಲ್ಲಿ ಇದನ್ನು ಓದಿಸುತ್ತಾರೆ. ಕಂಪನಿಗಳಲ್ಲಿ ದುಡಿಯುವ ನನ್ನ ಹಳೆಯ ವಿದ್ಯಾರ್ಥಿಗಳು ಇದರ ಪಾತ್ರಗಳ ಹೆಸರನ್ನು ಮನೆಯವರ ಹೆಸರಿನಂತೆ ಹೇಳುತ್ತಾರೆ. ಸಾಹಿತ್ಯದವರು ಮಾತ್ರ ಇದರ ಗೋಜಿಗೆ ಹೋದಂತೆ ಕಾಣುವುದಿಲ್ಲ. ಲಾಭ ಹೆಚ್ಚಿಸುವ ವಿದ್ಯೆಯನ್ನು ಕಥೆಯೆಂಬ ಜೇನಿನಲ್ಲಿ ತೇಯ್ದು ಕೊಟ್ಟಿದ್ದಾರೆ, ಇಂಥದರಲ್ಲಿ ರಸವೆಲ್ಲಿ, ವಿಮರ್ಶೆಗೆ ಆಸ್ಪದವೆಲ್ಲಿ ಎಂಬುದು ನಮ್ಮವರ ಭಾವನೆಯಿರಬೇಕು.

ಈ ಮೂಗುಮುರಿತ ನ್ಯಾಯವಾದದ್ದೆಂದು ನನಗೆ ತೋರುವುದಿಲ್ಲ. ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹನು ಪಂಚತಂತ್ರವನ್ನು ಕನ್ನಡಕ್ಕೆ ತಂದಾಗ ಅವನ ಉದ್ದೇಶ ಕೇವಲ ರಸಾನಂದವಾಗಿರಲಿಲ್ಲ. ದಡ್ಡರಾದ ರಾಜಕುಮಾರರಿಗೆ ರಾಜ್ಯಭಾರದ ಹದವನ್ನು ಕಲಿಸುವುದಕ್ಕಾಗಿ ಹುಟ್ಟಿದ ಕಥೆಗಳವು. ಆ ಗ್ರಂಥವನ್ನು ನಾವು ಎಂ.ಎ. ತರಗತಿಗಳಲ್ಲಿ ಭಕ್ತಿಯಿಂದ ಪಾಠ ಹೇಳುತ್ತೇವೆ. ರಾಜಪುತ್ರರಿಗೆ ನೀತಿ ಹೇಳಿದ ಕಥೆ ಕಾವ್ಯವಾಗಬಹುದಾದರೆ, ಮ್ಯಾನೇಜರರಿಗೆ ನೀತಿ ಹೇಳಿದ ಕಥೆಯನ್ನು ಬಾಗಿಲಲ್ಲೇ ನಿಲ್ಲಿಸುವುದೇಕೆ? ಉಪದೇಶವಿದೆಯೆಂಬ ಒಂದೇ ಕಾರಣಕ್ಕೆ ಕೃತಿಯೊಂದು ಕೆಡುವುದಿಲ್ಲ. ಉಪದೇಶ ಕಥೆಯ ಒಳಗಿನಿಂದ ಹುಟ್ಟಿತೆ, ಇಲ್ಲವೆ ಹೊರಗಿನಿಂದ ತಂದು ಅಂಟಿಸಿದ್ದೆ ಎಂಬುದನ್ನು ನೋಡಬೇಕು. ‘ದಿ ಗೋಲ್’ ಆ ಪರೀಕ್ಷೆಯಲ್ಲಿ ಕೆಲವು ಕಡೆ ಬಲು ಚೆನ್ನಾಗಿ ಗೆಲ್ಲುತ್ತದೆ. ಕೆಲವು ಕಡೆ ನೆಲಕಚ್ಚುತ್ತದೆ. ಎರಡೂ ಗಮನಿಸತಕ್ಕ ಸಂಗತಿಗಳೆ.

ಕಥೆಯ ಆರಂಭ ಹೀಗಿದೆ. ಅಮೆರಿಕದ ಬೇರಿಂಗ್ಟನ್ ಎಂಬ ಕಲ್ಪಿತ ಊರಿನಲ್ಲಿ ಯೂನಿಕೋ ಎಂಬ ಸಂಸ್ಥೆಯದೊಂದು ಕಾರ್ಖಾನೆ. ಅದರ ಮುಖ್ಯಸ್ಥ ಅಲೆಕ್ಸ್ ರೋಗೊ ಬೆಳಿಗ್ಗೆ ಏಳೂವರೆಗೆ ಬಂದು ನೋಡಿದರೆ ತನ್ನ ಕಾರು ನಿಲ್ಲಿಸುವ ಜಾಗದಲ್ಲಿ ಮೇಲಧಿಕಾರಿ ಬಿಲ್ ಪೀಚ್‌ನ ಕೆಂಪು ಮರ್ಸಿಡಿಸ್ ನಿಂತಿದೆ. ಏಳು ವಾರ ತಡವಾದ ಒಂದು ಆರ್ಡರನ್ನು ಅಂದೇ ಕಳಿಸಬೇಕೆಂದು ಅವನು ಬಂದು ಕೂತಿದ್ದಾನೆ. ಅಲೆಕ್ಸ್ ಬರುವುದಕ್ಕೆ ಮೊದಲೇ ಅವನು ಒಬ್ಬ ನುರಿತ ಯಂತ್ರಕಾರನ ಮೇಲೆ ಕೂಗಾಡಿ, ಆತ ಕೆಲಸ ಬಿಟ್ಟು ಹೊರಟೇ ಹೋಗಿದ್ದಾನೆ. ಹೋಗುವಾಗ ಯಂತ್ರದ ಎರಡು ನಟ್ಟುಗಳನ್ನು ಬಿಗಿಮಾಡದೆ ಹೋದ, ಯಂತ್ರ ಕೆಟ್ಟಿತು. ಆ ಯಂತ್ರವೇ ಮುಂದೆ ಕಾರ್ಖಾನೆಯ ಹಣೆಬರಹವನ್ನು ನಿರ್ಧರಿಸತಕ್ಕ ಎನ್‌ಸಿಎಕ್ಸ್ ಹತ್ತು. ಅಂದು ಇಡೀ ಕಾರ್ಖಾನೆ ತನ್ನ ಮಿಕ್ಕೆಲ್ಲ ಕೆಲಸ ಬಿಟ್ಟು ಆ ಒಂದೇ ಆರ್ಡರಿನ ಹಿಂದೆ ಓಡುತ್ತದೆ. ರಾತ್ರಿಯ ಹೊತ್ತಿಗೆ ಸರಕು ಲಾರಿ ಹತ್ತುತ್ತದೆ. ಮೂರು ತಿಂಗಳೊಳಗೆ ಕಾರ್ಖಾನೆ ಸರಿಹೋಗದಿದ್ದರೆ ಮುಚ್ಚಿಬಿಡುತ್ತೇವೆಂದು ಪೀಚ್ ಹೇಳಿಹೋಗಿದ್ದಾನೆ.

ಅಧಿಕಾರಿಯ ಸಿಟ್ಟು, ಕೆಲಸಗಾರನ ಅವಮಾನ, ಬಿಗಿಯಾಗದ ನಟ್ಟು, ನಿಂತ ಯಂತ್ರ, ತಡವಾದ ಸರಕು: ಕಾರಣಕ್ಕೂ ಕಾರ್ಯಕ್ಕೂ ಇರುವ ಸರಪಣಿಯನ್ನು ಕೆಲವೇ ಪುಟಗಳಲ್ಲಿ, ಒಂದು ಮಾತೂ ವ್ಯಾಖ್ಯಾನ ಮಾಡದೆ, ಕಣ್ಣಿಗೆ ಕಟ್ಟಿಕೊಟ್ಟಿದ್ದಾರೆ. ನುರಿತ ಕಾದಂಬರಿಕಾರರೂ ಮೆಚ್ಚಬೇಕಾದ ಆರಂಭ ಇದು. ಮುಂದೆ ಸಿದ್ಧಾಂತವಾಗಿ ಬರುವುದೆಲ್ಲ ಇಲ್ಲಿ ಬೀಜರೂಪದಲ್ಲಿ ಆಗಲೇ ಬಿದ್ದಿದೆ.

ಇನ್ನು ಗ್ರಂಥದ ತಿರುಳಿಗೆ ಬರೋಣ. ಬೇರಿಂಗ್ಟನ್ ಕಾರ್ಖಾನೆಯಲ್ಲಿ ಸೋಮಾರಿಗಳಿಲ್ಲ. ಎಲ್ಲರೂ ದುಡಿಯುತ್ತಾರೆ, ಹೊಸ ರೋಬೋಟುಗಳು ಹಗಲಿರುಳು ದುಡಿಯುತ್ತವೆ, ವಿಭಾಗ ವಿಭಾಗದ ದಕ್ಷತೆಯ ಅಂಕಿಗಳೂ ಚೆನ್ನಾಗಿವೆ. ಆದರೂ ಸರಕು ಹೊತ್ತಿಗೆ ಹೋಗುವುದಿಲ್ಲ, ಹಣ ಬರುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಅಕಸ್ಮಾತ್ತಾಗಿ ಎದುರಾದ ಹಳೆಯ ಭೌತಶಾಸ್ತ್ರದ ಮೇಷ್ಟ್ರು ಯೋನಾನಿಗೆ ಅಲೆಕ್ಸ್ ಹೆಮ್ಮೆಯಿಂದ ಹೇಳುತ್ತಾನೆ: ರೋಬೋಟು ತಂದಮೇಲೆ ಒಂದು ವಿಭಾಗದಲ್ಲಿ ಉತ್ಪಾದನೆ ಶೇಕಡ ೩೬ ಹೆಚ್ಚಿತು. ಮೇಷ್ಟ್ರು ಕೇಳುವುದು ಮೂರೇ ಪ್ರಶ್ನೆ. ಅದರಿಂದ ಕಾರ್ಖಾನೆ ದಿನಕ್ಕೆ ಒಂದು ಸರಕನ್ನಾದರೂ ಹೆಚ್ಚಿಗೆ ಮಾರಿತೆ? ಜನರ ಖರ್ಚು ಇಳಿಯಿತೆ? ದಾಸ್ತಾನು ಕರಗಿತೆ? ಮೂರಕ್ಕೂ ಇಲ್ಲವೆಂದೇ ಉತ್ತರ. ಹಾಗಾದರೆ ಹೆಚ್ಚಿದ್ದೇನು? ರೋಬೋಟು ಸುಮ್ಮನಿರಬಾರದೆಂದು ಬೇಡದ ಭಾಗಗಳನ್ನು ತಯಾರಿಸಿ ಗುಡ್ಡೆ ಹಾಕಿದ್ದೊಂದೇ ಹೆಚ್ಚಿದ್ದು.

ದೋಷ ಅಡಗುವುದು ಹೀಗೆ. ಖಾಲಿ ಕೂತವನು ಯಜಮಾನನ ಕಣ್ಣಿಗೆ ಬೀಳುತ್ತಾನೆ. ಬೇಡದ ಕೆಲಸವನ್ನು ಬೆವರು ಸುರಿಸಿ ಮಾಡುವವನು ಬೀಳುವುದಿಲ್ಲ, ಬಿದ್ದರೆ ಶಹಭಾಸ್ ಗಿಟ್ಟಿಸುತ್ತಾನೆ. ಇದಕ್ಕೆ ಅಮೆರಿಕಕ್ಕೇ ಹೋಗಬೇಕಿಲ್ಲ. ನನಗೆ ಪರಿಚಯವಿರುವ ಒಂದು ಮುದ್ರಣಾಲಯವುಂಟು. ಹತ್ತು ವರ್ಷದ ಹಿಂದೆ ಒಂದೇ ಯಂತ್ರ, ನಾಲ್ಕು ಜನ. ಪಠ್ಯಪುಸ್ತಕದ ಕೆಲಸ ಹೆಚ್ಚಿತು, ಮದುವೆ ಆಮಂತ್ರಣ ಹೆಚ್ಚಿತು. ಮಾಲೀಕರು ಸಾಲ ಮಾಡಿ ದೊಡ್ಡ ಆಫ್‌ಸೆಟ್ ಯಂತ್ರ ತಂದರು. ಮೊದಲಿಗಿಂತ ಮೂರುಪಟ್ಟು ವೇಗ. ಆದರೆ ಅಚ್ಚಾದ ಹಾಳೆ ಮಡಿಸುವವರು, ಹೊಲಿಯುವವರು, ರಟ್ಟು ಕಟ್ಟುವವರು ಹಿಂದೆ ಇದ್ದಷ್ಟೇ ಮಂದಿ, ಹಿಂದಿನ ಕೋಣೆಯಲ್ಲೇ. ಅಚ್ಚಾದ ಹಾಳೆಗಳ ಕಟ್ಟು ಗೋಡೆಗೊರಗಿ ಛಾವಣಿ ಮುಟ್ಟಿದೆ. ನಾನು ಹೋದಾಗಲೆಲ್ಲ ಮಾಲೀಕರು ಅದನ್ನು ತೋರಿಸಿ, ‘ನೋಡಿ ಮೇಷ್ಟ್ರೆ, ಎಷ್ಟು ಕೆಲಸ!’ ಎನ್ನುತ್ತಾರೆ. ಪುಸ್ತಕ ಮಾತ್ರ ಜೂನ್ ತಿಂಗಳಲ್ಲಿ ಬೇಕಾದದ್ದು ಆಗಸ್ಟಿನಲ್ಲಿ ಕೈಗೆ ಬರುತ್ತದೆ. ಅಷ್ಟೂ ಕಾಗದದ ಹಣ ಗೋಡೆಗೊರಗಿ ನಿಂತಿದೆಯೆಂದು ಅವರಿಗೆ ಹೊಳೆದಿಲ್ಲ. ಇನ್ನೊಂದು ಅಚ್ಚಿನ ಯಂತ್ರ ತರುವ ಆಲೋಚನೆಯಲ್ಲಿದ್ದಾರೆ.

ಗೋಲ್ಡ್‌ರಾಟ್ ಹೇಳುವುದು ಇದನ್ನೇ. ಕೆರೆ ಎಷ್ಟೇ ವಿಸ್ತಾರವಾಗಿರಲಿ, ಗದ್ದೆಗೆ ಹರಿಯುವ ನೀರು ತೂಬಿನ ಗಾತ್ರದ್ದು. ಕಾಲುವೆಯನ್ನು ಅಗಲ ಮಾಡಿದರೆ, ಏರಿಯನ್ನು ಎತ್ತರಿಸಿದರೆ ನೀರು ಹೆಚ್ಚು ಹರಿಯುವುದಿಲ್ಲ, ತೂಬನ್ನು ನೋಡಬೇಕು. ಕಾರ್ಖಾನೆಗೂ ಇಂಥ ಒಂದೋ ಎರಡೋ ತೂಬುಗಳಿರುತ್ತವೆ. ಅವು ಎಲ್ಲಿವೆಯೆಂದು ತಿಳಿಯಲು ಕಾಗದಪತ್ರವನ್ನು ಮಗುಚುವುದಕ್ಕಿಂತ ಕಾರ್ಖಾನೆಯೊಳಗೆ ನಡೆದು ಹೋಗಿ, ಯಾವ ಯಂತ್ರದ ಮುಂದೆ ಅರೆಬರೆ ಭಾಗಗಳ ರಾಶಿ ಬಿದ್ದಿದೆಯೆಂದು ನೋಡುವುದು ಮೇಲು. ಬೇರಿಂಗ್ಟನ್ನಿನಲ್ಲಿ ಎರಡು ಸಿಕ್ಕುತ್ತವೆ: ಆ ಎನ್‌ಸಿಎಕ್ಸ್ ಹತ್ತು, ಮತ್ತು ಲೋಹವನ್ನು ಕಾಯಿಸಿ ಹದಗೊಳಿಸುವ ಕುಲುಮೆ.

ಇಷ್ಟನ್ನು ಒಂದು ಪ್ರಬಂಧದಲ್ಲೂ ಹೇಳಬಹುದಿತ್ತು. ಕಾದಂಬರಿಯಾಗಿ ಹೇಳಿದ್ದರಿಂದ ಬಂದ ವಿಶೇಷವೇನು? ಅದನ್ನು ಕಾಣಬೇಕಾದರೆ ಕಾರ್ಖಾನೆಯನ್ನು ಬಿಟ್ಟು ಕಾಡಿಗೆ ಹೋಗಬೇಕು. ಗ್ರಂಥದ ಅತ್ಯುತ್ತಮ ಭಾಗ ಅಲ್ಲಿದೆ.

ಅಲೆಕ್ಸ್‌ನ ಮಗ ಡೇವ್ ಬಾಲಸ್ಕೌಟು. ಒಂದು ಶನಿವಾರ ಹುಡುಗರ ದಂಡನ್ನು ಹತ್ತು ಮೈಲಿ ನಡೆಸಿಕೊಂಡು ಹೋಗುವ ಭಾರ ಅಕಸ್ಮಾತ್ತಾಗಿ ಅಲೆಕ್ಸ್‌ನ ಮೇಲೆ ಬೀಳುತ್ತದೆ. ಕಾಲುದಾರಿ ಇಕ್ಕಟ್ಟು, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ಮುಂದಿನವನು ಹದವಾಗಿಯೇ ನಡೆಯುತ್ತಾನೆ, ಹಿಂದಿನವರೂ ನಡೆಯುತ್ತಾರೆ. ಆದರೂ ಸಾಲು ಉದ್ದವಾಗುತ್ತಲೇ ಹೋಗುತ್ತದೆ. ಏಕೆ? ನಡುವೆ ಒಬ್ಬ ಬೆನ್ನಚೀಲದ ಪಟ್ಟಿ ಸರಿಮಾಡಲು ನಿಲ್ಲುತ್ತಾನೆ, ಹಿಂದಿನವರೆಲ್ಲ ನಿಲ್ಲುತ್ತಾರೆ. ಬಿಟ್ಟುಹೋದ ದೂರವನ್ನು ತುಂಬಲು ಓಡಬೇಕು. ಆದರೆ ಓಡುವವನು ತನ್ನ ಮುಂದಿನವನನ್ನು ಮೀರಿ ಓಡಲಾರ. ನಿಧಾನಕ್ಕೆ ಮಿತಿಯಿಲ್ಲ, ವೇಗಕ್ಕೆ ಮಿತಿಯುಂಟು. ನಿಧಾನಗಳೆಲ್ಲ ಕೂಡಿಕೊಳ್ಳುತ್ತವೆ, ವೇಗಗಳು ಕೂಡಿಕೊಳ್ಳುವುದಿಲ್ಲ. ಎಲ್ಲಕ್ಕಿಂತ ಹಿಂದೆ ನಡೆಯುತ್ತಿರುವ ಅಲೆಕ್ಸ್‌ಗೆ ಇದು ಕಾಲಿನಿಂದ ತಿಳಿಯುತ್ತದೆ, ಆಮೇಲೆ ತಲೆಗೆ ಏರುತ್ತದೆ. ಊಟದ ಹೊತ್ತಿನಲ್ಲಿ ಅವನು ಐದು ಹುಡುಗರನ್ನು ಸಾಲಾಗಿ ಕೂರಿಸಿ, ಬಟ್ಟಲು, ಬೆಂಕಿಕಡ್ಡಿ, ದಾಳವಿಟ್ಟು ಒಂದು ಆಟ ಆಡಿಸುತ್ತಾನೆ. ದಾಳದಲ್ಲಿ ಬಿದ್ದಷ್ಟು ಕಡ್ಡಿಯನ್ನು ಮುಂದಿನ ಬಟ್ಟಲಿಗೆ ಹಾಕಬೇಕು. ಆದರೆ ಬಟ್ಟಲಲ್ಲಿ ಇದ್ದಷ್ಟನ್ನು ಮಾತ್ರ. ದಾಳದ ಸರಾಸರಿ ಮೂರೂವರೆ. ಆದುದರಿಂದ ಸರದಿಗೆ ಮೂರೂವರೆ ಕಡ್ಡಿ ಕೊನೆಗೆ ತಲುಪಬೇಕೆಂದು ಯಾರೂ ಎಣಿಸಿಯಾರು. ತಲುಪುವುದಿಲ್ಲ. ಆರು ಬಿದ್ದವನ ಬಟ್ಟಲಲ್ಲಿ ಎರಡೇ ಕಡ್ಡಿಯಿರುತ್ತದೆ; ಅವನ ಅದೃಷ್ಟ ವ್ಯರ್ಥ. ಈ ಆಟವನ್ನು ಕಡಲೆಬೀಜವಿಟ್ಟುಕೊಂಡು ಮನೆಯಲ್ಲಿ ಯಾರಾದರೂ ಆಡಿ ನೋಡಬಹುದು. ಎಲ್ಲರೂ ಸಮಾನ ಶಕ್ತಿಯವರಾದ ‘ಸಮತೋಲದ’ ಕಾರ್ಖಾನೆ ಕಾಗದದ ಮೇಲೆ ಮಾತ್ರ ಸುಂದರವೆಂದು ಹತ್ತು ನಿಮಿಷದಲ್ಲಿ ಮನದಟ್ಟಾಗುತ್ತದೆ.

ಆ ಸಾಲಿನಲ್ಲಿ ಹರ್ಬಿ ಎಂಬ ಹುಡುಗನಿದ್ದಾನೆ. ದಪ್ಪ ಮೈ, ಎಲ್ಲರಿಗಿಂತ ನಿಧಾನ. ಅವನ ಮುಂದಿನವರು ಎಲ್ಲೋ ಮುಂದೆ; ಹಿಂದಿನವರೆಲ್ಲ ಅವನ ಹಿಂದೆ ಸಿಕ್ಕಿಕೊಂಡಿದ್ದಾರೆ. ಅಲೆಕ್ಸ್ ಎಲ್ಲರೂ ಕೈಕೈ ಹಿಡಿಯುವಂತೆ ಮಾಡಿ, ಇಡೀ ಸಾಲನ್ನು ಹಾವಿನಂತೆ ತಿರುಗಿಸಿ, ಹರ್ಬಿಯನ್ನು ಮುಂದಕ್ಕೆ ತರುತ್ತಾನೆ. ಈಗ ಸಾಲು ಒಡೆಯುವುದಿಲ್ಲ. ಆದರೆ ಎಲ್ಲರೂ ನಿಧಾನ. ವೇಗದ ಹುಡುಗರು ಗೊಣಗುತ್ತಾರೆ. ಆಗ ಅಲೆಕ್ಸ್ ಹರ್ಬಿಯ ಬೆನ್ನಚೀಲವನ್ನು ಎತ್ತಿ ನೋಡುತ್ತಾನೆ. ಒಂದು ಮಣ ಭಾರ! ಬಿಚ್ಚಿದರೆ ಸೋಡಾದ ಡಬ್ಬಿಗಳು, ತಿಂಡಿಯ ಡಬ್ಬಿಗಳು, ಉಪ್ಪಿನಕಾಯಿಯ ಜಾಡಿ, ಕಬ್ಬಿಣದ ಬಾಣಲೆ, ಮಡಿಸುವ ಗುದ್ದಲಿ. ಇವನ್ನೆಲ್ಲ ಏಕೆ ಹೊತ್ತು ತಂದೆ ಎಂದರೆ, ಸಿದ್ಧರಾಗಿರಬೇಕೆಂದು ಹೇಳಿಕೊಟ್ಟಿದ್ದಾರಲ್ಲ ಎಂಬ ಅರ್ಥದ ಉತ್ತರ. ಹೊರೆಯನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಹರ್ಬಿಯ ಕಾಲಿಗೆ ರೆಕ್ಕೆ ಬರುತ್ತದೆ. ದಂಡು ಹೊತ್ತು ಮುಳುಗುವ ಮುನ್ನ ಬಿಡಾರ ಸೇರುತ್ತದೆ.

ಈ ಅಧ್ಯಾಯಗಳನ್ನು ಓದುವಾಗ ನನ್ನ ನೆನಪು ಪಂಚತಂತ್ರದ ಮೊದಲ ಕಥೆಗೇ ಹೋಯಿತು. ಅಲ್ಲೂ ಒಂದು ಸಾಲು ಕಾಡಿನಲ್ಲಿ ಸಾಗುತ್ತದೆ: ವರ್ತಕನ ಬಂಡಿಗಳ ಸಾಲು. ಭಾರ ಎಳೆದೆಳೆದು ಸಂಜೀವಕನೆಂಬ ಎತ್ತು ಕುಸಿಯುತ್ತದೆ. ವರ್ತಕ ಅದನ್ನು ಕಾಡಿನಲ್ಲೇ ಬಿಟ್ಟು, ಮಿಕ್ಕ ಬಂಡಿಗಳೊಡನೆ ಮುಂದೆ ಹೋಗುತ್ತಾನೆ. ವ್ಯಾಪಾರದ ದೃಷ್ಟಿಯಿಂದ ಅವನು ಮಾಡಿದ್ದು ತಪ್ಪೆಂದು ಕಥೆ ಹೇಳುವುದಿಲ್ಲ. ಒಂದು ಎತ್ತಿಗಾಗಿ ಇಡೀ ಸಾರ್ಥ ನಿಲ್ಲಬಾರದು ಎಂಬುದು ಲೋಕದ ಲೆಕ್ಕ. ಬೆಳೆಯುವ ವ್ಯಾಪಾರ ನಿಧಾನವಾದವನನ್ನು ಕಂಡಾಗ ಮಾಡುವುದು ಸಾಮಾನ್ಯವಾಗಿ ಇದನ್ನೇ. ಅಲೆಕ್ಸ್ ಹಾಗೆ ಮಾಡಲಿಲ್ಲ. ಹರ್ಬಿ ಏಕೆ ನಿಧಾನ ಎಂದು ಕೇಳುವ ಮೊದಲು ಹರ್ಬಿಯ ಬೆನ್ನಮೇಲೆ ಏನಿದೆ ಎಂದು ನೋಡಿದ. ಗ್ರಂಥದ ಅರ್ಥಶಾಸ್ತ್ರ ಒಂದು ಕಡೆಗಿರಲಿ, ಇದು ನೀತಿಯಾಗಿಯೂ ದೊಡ್ಡ ಮಾತು. ಮತ್ತು ಇದನ್ನು ಮಾತಿನಲ್ಲಿ ಹೇಳದೆ ಒಂದು ಚೀಲ ಬಿಚ್ಚಿ ತೋರಿಸಿದ್ದು ಕಥೆಗಾರನ ಕೆಲಸ. ಆ ಬಾಣಲೆಯೂ ಗುದ್ದಲಿಯೂ ಪ್ರಬಂಧದಲ್ಲಿ ಬರಲಾರವು.

ಕಾಡಿನಿಂದ ಕಾರ್ಖಾನೆಗೆ ಮರಳಿದ ಮೇಲೆ ಈ ಪಾಠ ಯಂತ್ರಗಳಿಗೆ ಅನ್ವಯವಾಗುತ್ತದೆ. ಯೋನಾ ಬಂದು ನೋಡಿದಾಗ, ಎಲ್ಲಕ್ಕೂ ಮಿಗಿಲಾಗಿ ನಡೆಯಬೇಕಾದ ಆ ಯಂತ್ರವೇ ಕೆಲಸಗಾರರ ಬಿಡುವಿನ ವೇಳೆಯೆಂದು ನಿಂತಿದೆ! ಯಂತ್ರ ದಾಟಿದ ಮೇಲೆ ಕೆಟ್ಟ ಭಾಗಗಳನ್ನು ಆರಿಸಿ ಎಸೆಯುತ್ತಿದ್ದಾರೆ. ಯಂತ್ರಕ್ಕೆ ಹಾಕುವ ಮೊದಲೇ ಪರೀಕ್ಷಿಸಿದ್ದರೆ ಅಷ್ಟು ಹೊತ್ತು ಉಳಿಯುತ್ತಿತ್ತು. ಕುಲುಮೆಯಲ್ಲಿ ಹದಗೊಂಡ ಭಾಗಗಳು ಇಳಿಸುವವರಿಲ್ಲದೆ ಒಳಗೇ ಕೂತಿವೆ. ಇಳಿಸಬೇಕಾದವರನ್ನು ‘ಸುಮ್ಮನೆ ನಿಂತಿದ್ದಾರೆ’ ಎಂದು ಬೇರೆ ಕಡೆಗೆ ಕಳಿಸಿದ್ದಾರೆ. ಲೆಕ್ಕಾಧಿಕಾರಿ ಲೂ ಎನ್‌ಸಿಎಕ್ಸ್‌ನ ಒಂದು ಗಂಟೆಗೆ ಬೆಲೆ ೩೨.೫೦ ಡಾಲರ್ ಎನ್ನುತ್ತಾನೆ. ಆ ಯಂತ್ರ ಒಂದು ಗಂಟೆ ನಿಂತರೆ ಇಡೀ ಕಾರ್ಖಾನೆಯೇ ಒಂದು ಗಂಟೆ ನಿಂತಂತೆ ಎಂದು ಯೋನಾ ತಿದ್ದುತ್ತಾನೆ. ಕಾರ್ಖಾನೆಯ ತಿಂಗಳ ಖರ್ಚು ೧೬ ಲಕ್ಷ ಡಾಲರು. ಯಂತ್ರಕ್ಕೆ ತಿಂಗಳಲ್ಲಿ ಸಿಗುವುದು ೫೮೫ ಗಂಟೆ. ಭಾಗಿಸಿದರೆ ಗಂಟೆಗೆ ೨,೭೩೫ ಡಾಲರು. ಅದೇ ಯಂತ್ರ, ಅದೇ ಗಂಟೆ. ನೋಡುವ ಕಣ್ಣು ಬದಲಾದೊಡನೆ ಬೆಲೆ ಎಂಬತ್ತು ಪಟ್ಟಿಗಿಂತ ಹೆಚ್ಚಾಯಿತು. ಅಂಕಿಗಳಿಂದ ರೋಮಾಂಚ ಹುಟ್ಟಿಸುವುದು ಸುಲಭವಲ್ಲ. ಇಲ್ಲಿ ಅದು ಸಾಧ್ಯವಾಗಿದೆ.

ಒಂದು ದೋಷ ನೀಗಿದೊಡನೆ ಎಲ್ಲವೂ ಸರಿಹೋಗಲಿಲ್ಲ ಎಂಬುದು ಈ ಕಥೆಯ ಪ್ರಾಮಾಣಿಕತೆ. ಇಕ್ಕಟ್ಟಿನ ಯಂತ್ರಕ್ಕೆ ಹೋಗುವ ಭಾಗಗಳಿಗೆ ಕೆಂಪು ಚೀಟಿ, ಮಿಕ್ಕವಕ್ಕೆ ಹಸಿರು ಚೀಟಿ ಅಂಟಿಸಿ, ಕೆಂಪಿನದು ಮೊದಲು ಎಂದು ನಿಯಮ ಮಾಡುತ್ತಾರೆ. ಕೆಲವು ದಿನಗಳಲ್ಲಿ ಕೆಂಪು ಚೀಟಿಯ ಭಾಗಗಳು ರಾಶಿ ಬೀಳುತ್ತವೆ, ಹಸಿರಿನವು ಸಿಗುವುದೇ ಇಲ್ಲ. ಮದ್ದೇ ಹೊಸ ರೋಗ ತಂದಿತು. ಆಮೇಲೆ, ತೂಬಿನ ಹರಿವು ಎಷ್ಟೋ ಅಷ್ಟೇ ಕಚ್ಚಾಸಾಮಗ್ರಿಯನ್ನು ಬಾಗಿಲಲ್ಲಿ ಬಿಡಬೇಕೆಂಬುದು ಹೊಳೆಯುತ್ತದೆ. ಒಂದು ಸಲಕ್ಕೆ ಮಾಡುವ ಭಾಗಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸುತ್ತಾರೆ. ಸರಕು ಬೇಗ ಹೊರಬೀಳುತ್ತದೆ, ಆದರೆ ಲೆಕ್ಕದ ಪುಸ್ತಕದಲ್ಲಿ ಬಿಡಿಭಾಗದ ವೆಚ್ಚ ಏರಿದಂತೆ ಕಾಣುತ್ತದೆ, ತನಿಖೆಯವರು ಆಕ್ಷೇಪಣೆ ಎತ್ತುತ್ತಾರೆ. ಸತ್ಯಕ್ಕೂ ಲೆಕ್ಕಕ್ಕೂ ನಡೆಯುವ ಈ ಜಗಳ ಗ್ರಂಥದ ಎರಡನೆಯ ಅರ್ಧಕ್ಕೆ ಜೀವ ಕೊಟ್ಟಿದೆ. ಸರ್ಕಾರಿ ಕಚೇರಿಯ ಕಡತ ಕಂಡವರಿಗೆ ಇದರ ಸ್ವಾರಸ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಮೆಚ್ಚಿದ ಮೇಲೆ ಮೆಚ್ಚದ್ದನ್ನೂ ಹೇಳಬೇಕು.

ಮೊದಲನೆಯದು ಯೋನಾ. ಉತ್ತರ ಕೊಡದೆ ಪ್ರಶ್ನೆ ಕೇಳಿ ಶಿಷ್ಯನಿಂದಲೇ ಉತ್ತರ ಹೊರಡಿಸುವ ಗುರುವನ್ನು ಉಪನಿಷತ್ತಿನ ನಾಡಿನವರಾದ ನಾವು ಬಲ್ಲೆವು. ಆದರೆ ನಮ್ಮ ಗುರುಗಳು ಕೆಲವು ಸಲ ತಡವರಿಸುತ್ತಾರೆ, ಗಾರ್ಗಿಯಂಥವಳ ಪ್ರಶ್ನೆಗೆ ಸಿಡಿದೇಳುತ್ತಾರೆ. ಯೋನಾ ತಡವರಿಸುವುದೇ ಇಲ್ಲ. ಸಿಗಾರು ಹಿಡಿದು ವಿಮಾನದಿಂದ ಇಳಿಯುತ್ತಾನೆ, ಎರಡು ಪ್ರಶ್ನೆ ಎಸೆಯುತ್ತಾನೆ, ಮತ್ತೆ ವಿಮಾನ ಹತ್ತುತ್ತಾನೆ. ಭೌತವಿಜ್ಞಾನಿಯಾದ ಗೋಲ್ಡ್‌ರಾಟ್ ಭೌತವಿಜ್ಞಾನಿಯಾದ ಯೋನಾನಲ್ಲಿ ತನ್ನ ಚಿತ್ರವನ್ನೇ ಬರೆದಿದ್ದಾನೆಂದು ಓದುಗನಿಗೆ ಅನ್ನಿಸದಿರದು. ತನ್ನನ್ನೇ ಗುರುವಾಗಿ ಚಿತ್ರಿಸಿಕೊಳ್ಳುವ ಲೇಖಕ ಆ ಗುರುವಿಗೆ ಒಂದು ಸೋಲನ್ನಾದರೂ ದಯಪಾಲಿಸಬೇಕು. ಪಾಠ ಹೇಳಿ ಬದುಕುವವನ ಮಾತಾಗಿ ಇದನ್ನು ಓದುಗರು ಒಪ್ಪಿಕೊಳ್ಳಬಹುದು.

ಎರಡನೆಯದು ಇನ್ನೂ ಗಂಭೀರವಾದದ್ದು. ಕಾರ್ಖಾನೆಗಾಗಿ ಹಗಲಿರುಳು ಸುತ್ತುವ ಅಲೆಕ್ಸ್‌ನ ಹೆಂಡತಿ ಜೂಲಿ ಊಟವಿಟ್ಟು ಕಾಯುತ್ತಾಳೆ, ಮಾತಿಗಾಗಿ ಕಾಯುತ್ತಾಳೆ. ಒಂದು ದಿನ ಮಕ್ಕಳನ್ನೂ ಬಿಟ್ಟು ತವರಿಗೆ ಹೋಗುತ್ತಾಳೆ. ಯಂತ್ರದ ಮುಂದೆ ಕಾಯುತ್ತ ಬಿದ್ದಿರುವ ಲೋಹದ ತುಂಡುಗಳನ್ನು ಇಷ್ಟು ಸೂಕ್ಷ್ಮವಾಗಿ ಕಂಡ ಕಾದಂಬರಿ, ಮನೆಯಲ್ಲಿ ಕಾಯುತ್ತಿರುವ ಹೆಂಗಸಿನ ಒಳಗನ್ನು ಒಂದು ಸಲವೂ ಹೊಕ್ಕು ನೋಡುವುದಿಲ್ಲ. ಅವಳು ಮರಳಿ ಬರುತ್ತಾಳೆ, ನಿಜ. ಆದರೆ ಕಾರ್ಖಾನೆ ಉಳಿದ ಹಾಗೆ ದಾಂಪತ್ಯವೂ ಉಳಿಯಿತು ಎಂದು ಲೆಕ್ಕ ಸರಿಹೋಗಿಸುವುದಕ್ಕಾಗಿ ಬಂದಂತೆ ತೋರುತ್ತದೆ. ಇಲ್ಲಿ ಉಪದೇಶ ಹೊರಗಿನಿಂದ ಅಂಟಿಸಿದ್ದು, ಅಂಟು ಕಾಣುತ್ತದೆ.

ಈ ವಿಷಯದಲ್ಲಿ ನಮ್ಮ ಕನ್ನಡದ ಲೇಖಕರು ಹೆಚ್ಚು ಬಲ್ಲವರು. ಯಶವಂತ ಚಿತ್ತಾಲರ ‘ಶಿಕಾರಿ’ (೧೯೭೯) ಮುಂಬಯಿಯ ಕಂಪನಿಯೊಂದರ ಅಧಿಕಾರಿ ನಾಗಪ್ಪನ ಕಥೆ. ಅಲ್ಲಿ ಯಂತ್ರಗಳ ಸದ್ದಿಗಿಂತ ಮನುಷ್ಯ ಮನುಷ್ಯನನ್ನು ಬೇಟೆಯಾಡುವ ಸದ್ದೇ ಹೆಚ್ಚು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ (೨೦೧೩) ಇನ್ನೂ ಹತ್ತಿರದ ಉದಾಹರಣೆ. ಚಿಕ್ಕಪ್ಪ ಕಟ್ಟಿದ ಸೋನಾ ಮಸಾಲೆಯ ವ್ಯಾಪಾರ ಬೆಳೆಯುತ್ತದೆ. ಇರುವೆಗಳಿದ್ದ ಚಿಕ್ಕ ಮನೆಯಿಂದ ಸಂಸಾರ ದೊಡ್ಡ ಮನೆಗೆ ಬರುತ್ತದೆ. ನಿರೂಪಕ ಆ ವ್ಯಾಪಾರದಲ್ಲಿ ಹೆಸರಿಗೆ ಮಾತ್ರ ಅಧಿಕಾರಿ. ಕೆಲಸವಿಲ್ಲದೆ ಸಂಬಳ ಪಡೆಯುತ್ತಾನೆ. ಯೋನಾನಂಥವನು ಬಂದು ನೋಡಿದರೆ ಆ ಸಂಬಳವನ್ನು ವ್ಯರ್ಥ ಖರ್ಚೆಂದು ಒಂದೇ ಏಟಿಗೆ ಗುರುತಿಸಿಯಾನು. ಆದರೆ ಆ ಖರ್ಚು ಆ ಮನೆಯಲ್ಲಿ ಏನು ಮಾಡುತ್ತಿದೆ, ಅದನ್ನು ಉಳಿಸಿಕೊಳ್ಳಲು ಮನೆಯವರೆಲ್ಲ ಏನಕ್ಕೆ ಕಣ್ಣು ಮುಚ್ಚಿಕೊಂಡಿದ್ದಾರೆ, ಸೊಸೆಯಾಗಿ ಬಂದ ಅನಿತಾ ಅದನ್ನು ಕಂಡು ಬಾಯಿಬಿಟ್ಟರೆ ಏನಾಗುತ್ತದೆ ಎಂಬುದು ಯಾವ ಲೆಕ್ಕಾಧಿಕಾರಿಗೂ ಸಿಗದ ಸಂಗತಿ. ಅಡಗಿದ ದೋಷವೆಂದರೆ ಏನೆಂಬುದಕ್ಕೆ ಎರಡು ಗ್ರಂಥಗಳೂ ಎರಡು ಉತ್ತರ ಕೊಡುತ್ತವೆ. ಒಂದಕ್ಕೆ ಅದು ಕಂಡೊಡನೆ ತಿದ್ದಬಹುದಾದದ್ದು. ಇನ್ನೊಂದಕ್ಕೆ, ಎಲ್ಲರೂ ಕಂಡೂ ಕಾಣದಂತೆ ಇರುವುದೇ ಮನೆಯ ಕಟ್ಟು.

ಮೂರನೆಯ ಮಾತು ಕೆಲಸಗಾರರದು. ಬಿಡುವಿನ ವೇಳೆಯಲ್ಲಿ ಯಂತ್ರ ನಿಲ್ಲಬಾರದೆಂದು ತೀರ್ಮಾನವಾಗುತ್ತದೆ. ಸಂಘದವರೊಡನೆ ಮಾತಾಡಿ ಒಪ್ಪಿಸುತ್ತಾರೆ. ಆ ಯಂತ್ರದ ಮುಂದೆ ನಿಂತವನಿಗೆ ಏನನ್ನಿಸಿತು? ಗ್ರಂಥ ಕೇಳುವುದಿಲ್ಲ. ರಾತ್ರಿಪಾಳಿಯ ಫೋರ್ಮನ್ ಮೈಕ್ ಹೇಲಿ ಒಬ್ಬ ಅಪವಾದ. ಕುಲುಮೆಗೆ ಭಾಗಗಳನ್ನು ತುಂಬುವ ಹೊಸ ಹಂಚಿಕೆಯನ್ನು ಅವನೇ ಕಂಡುಹಿಡಿಯುತ್ತಾನೆ, ಮೇಲಿನವರು ಬೆರಗಾಗುತ್ತಾರೆ. ಇಂಥವರು ಇನ್ನೂ ನಾಲ್ವರಿದ್ದಿದ್ದರೆ ಕಾದಂಬರಿ ತುಂಬಿಕೊಳ್ಳುತ್ತಿತ್ತು. ಮೊದಲ ಅಧ್ಯಾಯದಲ್ಲಿ ಅವಮಾನಗೊಂಡು ಹೊರಟುಹೋದ ಆ ಯಂತ್ರಕಾರ ಏನಾದ ಎಂಬ ಕುತೂಹಲ ನನಗೆ ಕೊನೆಯವರೆಗೂ ಇತ್ತು. ಒಂದು ಮಾತನ್ನು ಮಾತ್ರ ಗೋಲ್ಡ್‌ರಾಟ್‌ನ ಪರವಾಗಿ ಹೇಳಬೇಕು. ಜನರನ್ನು ಕಳಿಸಿ ಖರ್ಚು ಇಳಿಸುವುದು ಅವನ ದಾರಿಯಲ್ಲ. ಖರ್ಚಿಗೆ ಕತ್ತರಿ ಹಾಕಬಹುದಾದದ್ದು ಸೊನ್ನೆಯವರೆಗೆ ಮಾತ್ರ; ಮಾರಾಟಕ್ಕೆ ಅಂಥ ಎಲ್ಲೆಯಿಲ್ಲ. ಆದುದರಿಂದ ಮಿಗುವ ಶಕ್ತಿಗೆ ಹೊಸ ಗಿರಾಕಿಯನ್ನು ಹುಡುಕು ಎನ್ನುತ್ತಾನೆ, ಅಲೆಕ್ಸ್‌ನ ತಂಡವೂ ಹಾಗೆಯೇ ಮಾಡುತ್ತದೆ. ‘ದಕ್ಷತೆ’ ಎಂಬ ಮಾತು ಕೇಳಿದೊಡನೆ ಎಷ್ಟು ಜನರ ಕೆಲಸ ಹೋಯಿತೋ ಎಂದು ಎದೆ ನಡುಗುವ ಈ ದಿನಗಳಲ್ಲಿ ಇದನ್ನು ಮರೆಯಬಾರದು. ಗ್ರಂಥವನ್ನು ಮೇಜಿನ ಮೇಲಿಟ್ಟುಕೊಂಡು ಆಳುಗಳನ್ನು ತೆಗೆದುಹಾಕುವ ಮ್ಯಾನೇಜರು ಅದನ್ನು ಓದಿಲ್ಲವೆಂದೇ ತಿಳಿಯಬೇಕು.

ಈ ಗ್ರಂಥದ ಸಂತಾನವೂ ಬೆಳೆದಿದೆ. ಅದರಲ್ಲಿ ೨೦೧೩ರ ‘ದಿ ಫೀನಿಕ್ಸ್ ಪ್ರಾಜೆಕ್ಟ್’ ಬೆಂಗಳೂರಿನ ಓದುಗರಿಗೆ ಹತ್ತಿರದ್ದು. ಕಾರ್ಖಾನೆಯ ಬದಲು ಕಂಪ್ಯೂಟರ್ ವಿಭಾಗ. ಅಲ್ಲಿ ತೂಬು ಯಂತ್ರವಲ್ಲ, ಬ್ರೆಂಟ್ ಎಂಬ ಮನುಷ್ಯ. ಎಲ್ಲವೂ ಅವನೊಬ್ಬನಿಗೇ ಗೊತ್ತು. ಏನು ಕೆಟ್ಟರೂ ಅವನನ್ನೇ ಕರೆಯಬೇಕು. ಆದುದರಿಂದ ಅವನ ಮೇಜಿನ ಮುಂದೆ ಎಲ್ಲರ ಕೆಲಸವೂ ರಾಶಿ ಬಿದ್ದಿದೆ. ಬರವಣಿಗೆಯಾಗಿ ಅದು ‘ದಿ ಗೋಲ್’ಗಿಂತ ಒಣಕಲು. ಆದರೆ ನಮ್ಮ ಕಾಲಕ್ಕೆ ತಕ್ಕ ಒಂದು ಸಂಗತಿಯನ್ನು ಅದು ಮುಟ್ಟಿದೆ: ಎಲ್ಲರಿಗಿಂತ ಸಮರ್ಥನಾದವನೇ ಎಲ್ಲರನ್ನೂ ನಿಲ್ಲಿಸುವವನಾಗುತ್ತಾನೆ, ತನ್ನ ತಪ್ಪಿಲ್ಲದೆ. ಒಂದೇ ತಲೆಯನ್ನು ನಂಬಿ ಬೆಳೆದ ಸಂಸ್ಥೆ ಯಾವುದೇ ಇರಲಿ, ಮಠವಿರಲಿ, ಪತ್ರಿಕೆಯಿರಲಿ, ಉಪಾಹಾರ ಗೃಹವಿರಲಿ, ಒಬ್ಬ ಬ್ರೆಂಟನನ್ನು ಸಾಕಿಕೊಂಡಿರುತ್ತದೆ. ಅವನ ಹೊರೆ ಇಳಿಸುವ ಬದಲು ಅವನಿಗೆ ಶಾಲು ಹೊದಿಸುವುದು ನಮ್ಮ ರೂಢಿ.

ಹರ್ಬಿಯ ವಿಷಯವಾಗಿ ಇನ್ನೊಂದು ಮಾತು ಉಳಿದಿದೆ. ಕಾಡಿನ ನಡಿಗೆ ಮುಗಿದ ಮೇಲೆ ಅವನ ಹೆಸರು ಕಾರ್ಖಾನೆಯಲ್ಲಿ ಬಳಕೆಗೆ ಬರುತ್ತದೆ. ಯಂತ್ರಗಳನ್ನೇ ‘ಹರ್ಬಿ’ಗಳೆಂದು ಕರೆಯತೊಡಗುತ್ತಾರೆ. ಹುಡುಗ ಮಾತ್ರ ಕಥೆಯಿಂದ ಜಾರಿಹೋಗುತ್ತಾನೆ. ಹೊರೆ ಇಳಿದ ಮೇಲೆ ಅವನಿಗೆ ಏನನ್ನಿಸಿತು, ಹಿಂದೆ ಗೊಣಗಿದ ಹುಡುಗರು ಆ ರಾತ್ರಿ ಬಿಡಾರದಲ್ಲಿ ಅವನೊಡನೆ ಹೇಗೆ ನಡೆದುಕೊಂಡರು, ಅವನ ಬಾಣಲೆಯಲ್ಲಿ ಯಾರಾದರೂ ಏನಾದರೂ ಬೇಯಿಸಿದರೆ? ನುರಿತ ಕಾದಂಬರಿಕಾರ ಅಲ್ಲಿ ಎರಡು ಪುಟ ನಿಲ್ಲುತ್ತಿದ್ದ. ಗೋಲ್ಡ್‌ರಾಟ್‌ಗೆ ಸಿದ್ಧಾಂತ ಸಿಕ್ಕಿತು. ಅವನು ಮುಂದೆ ಹೊರಟುಬಿಟ್ಟ.

೧೯೪೭ರಲ್ಲಿ ಹುಟ್ಟಿ ೨೦೧೧ರಲ್ಲಿ ತೀರಿಕೊಂಡ ಈ ವಿಜ್ಞಾನಿ ಇನ್ನೂ ಕೆಲವು ಕಾದಂಬರಿಗಳನ್ನು ಬರೆದ. ಅವುಗಳಲ್ಲಿ ಸಿದ್ಧಾಂತ ಬೆಳೆದಿದೆ, ಕಥೆ ಸೊರಗಿದೆ. ‘ದಿ ಗೋಲ್’ನ ಭಾಷೆ ಸರಳ, ಇಂಗ್ಲಿಷ್ ಪತ್ರಿಕೆ ಓದಬಲ್ಲವರು ನಿಘಂಟಿನ ಹಂಗಿಲ್ಲದೆ ಓದಬಹುದು. ಇಡೀ ಗ್ರಂಥಕ್ಕೆ ಪುರುಸೊತ್ತಿಲ್ಲದವರು ಮೊದಲ ಅಧ್ಯಾಯವನ್ನು ಓದಿ, ಆಮೇಲೆ ನೇರವಾಗಿ ೧೩, ೧೪, ೧೫ನೆಯ ಅಧ್ಯಾಯಗಳಿಗೆ ಹೋಗಬಹುದು. ಕಾಡಿನ ನಡಿಗೆ ಇರುವುದು ಅಲ್ಲಿ. ಮುದ್ರಣಾಲಯದ ನನ್ನ ಮಿತ್ರರಿಗೂ ಆ ಮೂರು ಅಧ್ಯಾಯಗಳನ್ನು ಗುರುತುಮಾಡಿ ಪುಸ್ತಕ ಕಳಿಸಿಕೊಟ್ಟಿದ್ದೇನೆ.